ಹಾಡುವುದೊಂದೇ ಬಲ್ಲ ಯಂತ್ರ ಬೇಕಾಗಿದೆ

2022ರ ಮೇ 10ರಂದು ಆ್ಯಪಲ್ ಕಂಪನಿ ತನ್ನ ಜೇಬಿನ ಮ್ಯೂಸಿಕ್ ಪ್ಲೇಯರ್ ಐಪಾಡ್ ವಂಶದ ಕೊನೆಯ ಕುಡಿಗೆ ಎಳ್ಳುನೀರು ಬಿಟ್ಟಿತು. ಕ್ಲಾಸಿಕ್ 2014ರಲ್ಲೇ ಹೋಗಿತ್ತು. ನ್ಯಾನೊ, ಶಫಲ್ 2017ರಲ್ಲಿ ಜೊತೆಯಾಗಿ ಹೋದವು. ಉಳಿದಿದ್ದ ಟಚ್‌ಗೆ ಅಂದು ‘ದಾಸ್ತಾನು ಇರುವವರೆಗೆ’ ಎಂಬ ಚೀಟಿ ಅಂಟಿತು. ಪ್ರಕಟಣೆಯಲ್ಲಿ ಮಾತ್ರ ಸೂತಕದ ಛಾಯೆ ಇರಲಿಲ್ಲ. ಐಪಾಡಿನ ಆತ್ಮ ಫೋನು, ವಾಚು, ಟಿವಿ, ಸ್ಪೀಕರುಗಳಲ್ಲಿ ಚೆನ್ನಾಗಿಯೇ ಬದುಕಿದೆ ಎಂಬ ಸಮಾಧಾನವಿತ್ತು. ಪುರಾಣದ ಪರಕಾಯ ಪ್ರವೇಶದಲ್ಲಿ ಒಮ್ಮೆಗೆ ಒಂದೇ ದೇಹ ಎಂಬ ಶಿಸ್ತಾದರೂ ಇತ್ತು.

ಸರಿ, ಆತ್ಮ ಹೊಕ್ಕ ಫೋನನ್ನೇ ನೋಡೋಣ. ಹೆಡ್‌ಫೋನಿನ 3.5 ಮಿ.ಮೀ. ತೂತನ್ನು ಐಫೋನ್ 2016ರಲ್ಲೇ ಮುಚ್ಚಿತು. ನೆಗಡಿ ಬಂತೆಂದು ಮೂಗು ಕೊಯ್ದವರನ್ನು ಕೇಳಿದ್ದೇವೆ, ಇಲ್ಲಿ ನೆಗಡಿಯೂ ಬಂದಿರಲಿಲ್ಲ. ಈಗ ಅಡಾಪ್ಟರ್ ಬೇಕು. ಕೇಳುತ್ತಲೇ ಚಾರ್ಜ್ ಮಾಡಬೇಕೆಂದರೆ ಕವಲೊಡೆದ ಇನ್ನೊಂದು ಅಡಾಪ್ಟರ್ ಬೇಕು. ಜೇಬಿನೊಳಗೆ ಕೈಯಿಟ್ಟು, ನೋಡದೆಯೇ ಹೆಬ್ಬೆರಳಲ್ಲಿ ಹಾಡು ಬದಲಿಸುವ ಸುಖ ಗಾಜಿನ ಪರದೆಯಲ್ಲಿಲ್ಲ. ಇನ್ನು ಚಂದಾ ಕಟ್ಟಿ ‘ಡೌನ್‌ಲೋಡ್’ ಮಾಡಿಕೊಂಡ ಹಾಡು ನಿಮ್ಮದೆಂದು ಬೀಗಬೇಡಿ. ಸ್ಪಾಟಿಫೈನಲ್ಲಿ 30 ದಿನಕ್ಕೊಮ್ಮೆಯಾದರೂ ಇಂಟರ್ನೆಟ್ಟಿಗೆ ಬಂದು ಮುಖ ತೋರಿಸದಿದ್ದರೆ ಅದು ಬಾಯಿ ಬಿಡುವುದಿಲ್ಲ.

ಹಾಗಾದರೆ ಹೊಸ ಮ್ಯೂಸಿಕ್ ಪ್ಲೇಯರನ್ನೇ ಕೊಳ್ಳೋಣ ಎಂದರೆ ಮಾರುಕಟ್ಟೆಯಲ್ಲಿ ಮುಖ್ಯವಾಗಿ ಎರಡು ಜಾತಿ. ಮೊದಲನೆಯದು ಆಡಿಯೊಫೈಲ್, ಅಂದರೆ ಸದ್ದಿನ ಶುದ್ಧಿಯ ಗೀಳಿನವರ ಜಾತಿ. ಇಟ್ಟಿಗೆಯಷ್ಟು ಭಾರ, ಡಿಜಿಟಲ್ ಫೈಲನ್ನು ಸದ್ದಿನ ಸಂಕೇತವಾಗಿಸುವ ಡ್ಯಾಕ್ ಚಿಪ್ ಎರಡು, 4.4 ಮಿ.ಮೀ. ಬ್ಯಾಲೆನ್ಸ್‌ಡ್ ಜ್ಯಾಕ್, 24 ಬಿಟ್, 192 ಕಿಲೋಹರ್ಟ್ಜ್. ಸಾಮಾನ್ಯ ಸಿಡಿಯ 16 ಬಿಟ್, 44.1 ಕಿಲೋಹರ್ಟ್ಜ್ ಲೆಕ್ಕದಲ್ಲೇ ಸುಮಾರು 22 ಕಿಲೋಹರ್ಟ್ಜ್‌ವರೆಗಿನ ಸದ್ದು ಹಿಡಿಯುತ್ತದೆ. ಮನುಷ್ಯರ ಕಿವಿ ಎಳೆಯ ವಯಸ್ಸಿನಲ್ಲೇ 20ಕ್ಕೆ ಕೈಚೆಲ್ಲುತ್ತದೆ, ವಯಸ್ಸಾದಂತೆ ಇನ್ನೂ ಕೆಳಗಿಳಿಯುತ್ತದೆ. ಮಿಕ್ಕ ಕಿಲೋಹರ್ಟ್ಜ್ ಬಾವಲಿಗಳ ಪಾಲು. ಇದನ್ನು ಕೊಂಡವರು ಕೊನೆಗೆ ಬ್ಲೂಟೂತ್ ಹೆಡ್‌ಫೋನ್ ಜೋಡಿಸುತ್ತಾರೆ. ಅಲ್ಲಿ ಎಲ್ಲ ಸಾಧನಗಳಿಗೂ ಕಡ್ಡಾಯವಾದ ಎಸ್‌ಬಿಸಿ ಎಂಬ ಕೋಡೆಕ್ (ಸದ್ದನ್ನು ಹಿಂಡುವ ವಿಧಾನ), ಇಷ್ಟು ಹೊತ್ತು ಏನೂ ಕಳೆಯದಂತೆ ಕಾಪಾಡಿಕೊಂಡು ಬಂದ ಫ್ಲ್ಯಾಕ್ ಫೈಲನ್ನು ಸೆಕೆಂಡಿಗೆ ಸುಮಾರು 328 ಕಿಲೋಬಿಟ್‌ಗೆ ಹಿಂಡಿ ಕಿವಿಗೆ ಕಳಿಸುತ್ತದೆ. ಜೊತೆಗೆ ಹಲವುದರ ಒಳಗಿರುವುದು ಆಂಡ್ರಾಯ್ಡ್. ಅಂದರೆ ಫೋನಿನಿಂದ ತಪ್ಪಿಸಿಕೊಳ್ಳಲು ನೀವು ಕೊಂಡಿದ್ದು ಕರೆ ಮಾಡಲಾಗದ ಫೋನು.

ಎರಡನೆಯ ಜಾತಿ ಅಗ್ಗದ್ದು. ಪೆಟ್ಟಿಗೆಯ ಮೇಲೆ ‘128 ಜಿಬಿ ಕಾರ್ಡ್ ಹಾಕಬಹುದು’ ಎಂದಿರುತ್ತದೆ. ಹಾಕಬಹುದು, ಸುಳ್ಳಲ್ಲ. 32 ಜಿಬಿ ಮೀರಿದ ಕಾರ್ಡುಗಳು ಎಕ್ಸ್‌ಫ್ಯಾಟ್ ಎಂಬ ಫಾರ್ಮ್ಯಾಟ್‌ನಲ್ಲಿ (ಕಾರ್ಡಿನಲ್ಲಿ ಫೈಲು ಜೋಡಿಸಿಡುವ ಪದ್ಧತಿ) ಬರುತ್ತವೆ, ಪ್ಲೇಯರಿಗೆ ಓದಲು ಬರುವುದು ಬಹುಪಾಲು ಫ್ಯಾಟ್32 ಮಾತ್ರ. ಬದಲಿಸಲು ಹೋದರೆ ವಿಂಡೋಸ್ 10ರ ಫಾರ್ಮ್ಯಾಟ್ ಕಿಟಕಿ 32 ಜಿಬಿಗಿಂತ ದೊಡ್ಡ ಕಾರ್ಡಿಗೆ ಫ್ಯಾಟ್32 ತೋರಿಸುವುದೇ ಇಲ್ಲ. ಬೇರೆ ತಂತ್ರಾಂಶ ತಂದು ಮಾಡಿಕೊಳ್ಳಬೇಕು.

ಅಷ್ಟಾದ ಮೇಲೆ ಹಾಡಿನ ಸರದಿ. ಕಛೇರಿಯೊಂದರ ಹನ್ನೆರಡು ಫೈಲು ಹಾಕಿದರೆ ಮಂಗಳ ಮೊದಲು, ವರ್ಣ ಕೊನೆಗೆ. ಪ್ಲೇಯರ್ ಕೆಟ್ಟಿಲ್ಲ. ಇಂಥ ಹಲವು ಪ್ಲೇಯರುಗಳು ಹೆಸರನ್ನಾಗಲಿ ಟ್ರ್ಯಾಕ್ ನಂಬರನ್ನಾಗಲಿ ನೋಡುವುದಿಲ್ಲ, ಕಾರ್ಡಿನ ಫ್ಯಾಟ್ ಪಟ್ಟಿಯಲ್ಲಿ ಯಾರು ಮೊದಲು ಬರೆಸಿಕೊಂಡರೋ ಅವರೇ ಮೊದಲು. ಕಂಪ್ಯೂಟರ್ ನಕಲು ಮಾಡಿದ ಕ್ರಮವೇ ಹಣೆಬರಹ. ಫ್ಯಾಟ್‌ಸಾರ್ಟ್‌ನಂಥ ತಂತ್ರಾಂಶ ಓಡಿಸಿ ಆ ಪಟ್ಟಿಯನ್ನೇ ಅಕ್ಷರಕ್ರಮಕ್ಕೆ ತರಬಹುದು. ಆದರೆ ಫೈಲಿನ ಹೆಸರುಗಳನ್ನು 01, 02 ಎಂದೇ ಶುರುಮಾಡಿ, ಇಲ್ಲದಿದ್ದರೆ 1ರ ಬೆನ್ನಿಗೆ 10 ಬಂದು ಕೂರುತ್ತದೆ. ಕನ್ನಡದ ಶೀರ್ಷಿಕೆಗಳು ಚೌಕ ಚೌಕವಾಗಿ ಕಂಡರೆ ಪ್ಲೇಯರಿನಲ್ಲಿ ಕನ್ನಡ ಫಾಂಟ್ ಇಲ್ಲವೆಂದರ್ಥ. ಯಾವ ಚೌಕದಲ್ಲಿ ಯಾವ ರಾಗವಿದೆಯೆಂದು ಅಭ್ಯಾಸ ಮಾಡಿಕೊಳ್ಳುವುದು.

ಉಳಿದ ದಾರಿ ಒಂದೇ, ಹಳೆಯ ಐಪಾಡಿನ ಹಾರ್ಡ್ ಡಿಸ್ಕ್ ತೆಗೆದು ಮೆಮೊರಿ ಕಾರ್ಡ್ ಕೂರಿಸಿ ಎಬ್ಬಿಸುವುದು. ತಲೆಮಾರು ನೋಡಿ ಕೊಳ್ಳಿ. 2007 ಮತ್ತು 2008ರ ಕ್ಲಾಸಿಕ್‌ಗಳಿಗೆ 128 ಜಿಬಿಯ ಆಚೆ ಕಣ್ಣು ಕಾಣದು, 2009ರ 160 ಜಿಬಿಯದಕ್ಕೆ ಆ ತೊಂದರೆಯಿಲ್ಲ. ಆದರೆ ಕ್ಲಾಸಿಕ್‌ನ ಮುಖ ಲೋಹದ್ದು, ಬಿಚ್ಚುವಾಗ ಒಮ್ಮೆ ಬಾಗಿತೆಂದರೆ ಬಾಗಿತು. ಐದನೇ ತಲೆಮಾರಿನ ವಿಡಿಯೊ ಐಪಾಡ್ ಪ್ಲಾಸ್ಟಿಕ್ ಮುಖದ್ದು, ಸಾಧು. ಅದರಲ್ಲೂ 30 ಜಿಬಿಯದಕ್ಕೆ 32 ಎಂಬಿ ರ‍್ಯಾಮ್, 60 ಮತ್ತು 80ರದ್ದಕ್ಕೆ 64 ಎಂಬಿ. ಹಾಡುಗಳ ಪಟ್ಟಿಯೆಲ್ಲ ಕೂರುವುದು ರ‍್ಯಾಮಿನಲ್ಲಿ. ಚಿಕ್ಕದಕ್ಕೆ ದೊಡ್ಡ ಕಾರ್ಡು ಹಾಕಿ ಹತ್ತಾರು ಸಾವಿರ ಹಾಡು ತುಂಬಿದರೆ ಹಾಡಿನ ಬದಲು ರೀಸ್ಟಾರ್ಟ್ ಕೇಳಿಸುತ್ತದೆ.

ಶಸ್ತ್ರಚಿಕಿತ್ಸೆಗೆ ಮುನ್ನ ಗುಂಡಿಗಳಿಗೆ ಬೀಗ ಹಾಕುವ ಹೋಲ್ಡ್ ಸ್ವಿಚ್ ಹಾಕಿ. ತೆಳು ಪ್ಲಾಸ್ಟಿಕ್ ಪಟ್ಟಿಯಿಂದ ಅಂಚಿನ ಕೊಂಡಿಗಳನ್ನು ಒಂದೊಂದಾಗಿ ಸಡಿಲಿಸಿ. ತೆರೆದೊಡನೆ ಎರಡೂ ಹೋಳನ್ನು ಎಳೆಯಬೇಡಿ: ಹಿಂಬದಿಯಿಂದ ಬ್ಯಾಟರಿಯ ಮತ್ತು ಹೆಡ್‌ಫೋನ್ ಜ್ಯಾಕ್‌ನ ರಿಬ್ಬನ್‌ಗಳು ಬೋರ್ಡಿಗೆ ಕೂಡಿಕೊಂಡಿರುತ್ತವೆ. ಬ್ಯಾಟರಿ ಸಾಕೆಟ್ಟಿನ ಕಂದು ಬಣ್ಣದ ಪುಟ್ಟ ಅಗುಳಿಯನ್ನು ಉಗುರಿನಿಂದ ಕೂದಲೆಳೆಯಷ್ಟು ಎತ್ತಿದರೆ ಸಾಕು. ಹೆಚ್ಚು ಎತ್ತಿದರೆ ಕಿತ್ತು ಬರುತ್ತದೆ, ಬಂದರೆ ಬೋರ್ಡೇ ಹೋಯಿತು. 1.8 ಇಂಚಿನ ಹಾರ್ಡ್ ಡಿಸ್ಕಿನ ಜಾಗಕ್ಕೆ ಎಸ್‌ಡಿ ಅಡಾಪ್ಟರ್ ಕೂರಿಸಿ. ಕಾರ್ಡನ್ನು ಮೊದಲೇ ಎಚ್2ಟೆಸ್ಟ್‌ಡಬ್ಲ್ಯು ಎಂಬ ಪರೀಕ್ಷಾ ತಂತ್ರಾಂಶದಲ್ಲಿ ಪೂರ್ತಿ ಬರೆದು ಓದಿಸಿ ನೋಡಿರಬೇಕು. 512 ಎಂದು ಮುದ್ರಿಸಿಕೊಂಡ 32 ಜಿಬಿಗಳು ಲೋಕದಲ್ಲಿ ಧಾರಾಳ. ರಿಸ್ಟೋರ್, ಅಂದರೆ ಐಪಾಡನ್ನು ಹೊಸದಾಗಿ ಸಜ್ಜುಗೊಳಿಸುವ ಕೆಲಸ, ಮಾಡುವುದು ವಿಂಡೋಸ್‌ನಲ್ಲಿ. ಮ್ಯಾಕ್‌ನಲ್ಲಿ ಮಾಡಿದರೆ ಫಾರ್ಮ್ಯಾಟ್ ಎಚ್‌ಎಫ್‌ಎಸ್ ಪ್ಲಸ್ ಆಗುತ್ತದೆ, ಆಗ ಆ್ಯಪಲ್‌ನ ಐಟ್ಯೂನ್ಸ್ ಹಂಗಿಲ್ಲದೆ ಫೈಲು ಎಳೆದು ಹಾಕಲು ಬಿಡುವ ರಾಕ್‌ಬಾಕ್ಸ್ ತಂತ್ರಾಂಶ ಅದರಲ್ಲಿ ಕೂರುವುದಿಲ್ಲ.

ಇಷ್ಟೆಲ್ಲ ಮುಗಿಸಿ, ಮುಖ ಮುಚ್ಚಿ, ಚಕ್ರದ ಮೇಲೆ ಬೆರಳಾಡಿಸಿ ಸಂಭ್ರಮಿಸುವ ಹೊತ್ತಿಗೆ ಪರದೆಯ ಮೇಲೆ ಕೆಂಪು ಬ್ಯಾಟರಿ ಕಾಣುತ್ತದೆ. ಕೇಬಲ್ ಹುಡುಕಿ. 30 ಪಿನ್‌ನದು. ಅದರ ಜಾಗಕ್ಕೆ 2012ರಲ್ಲಿ ಲೈಟ್ನಿಂಗ್ ಬಂತು, ಐಫೋನಿನಲ್ಲಿ ಲೈಟ್ನಿಂಗ್ ಜಾಗಕ್ಕೆ 2023ರಲ್ಲಿ ಯುಎಸ್‌ಬಿ-ಸಿ ಬಂತು. ಹಾಗಾಗಿ, ಬಳಕೆ ತಪ್ಪಿದ ಕೇಬಲ್ಲಿಗೆ ಬದಲಿ ಯಾವುದು ಎಂದು ಹುಡುಕಾಟ ಶುರುಮಾಡಿ.