ಬೈಗುಳಕ್ಕೆ ಮೂರು ಸ್ಟಾರ್

ಅಡುಗೆಯಿಂದ ದುಡ್ಡು ಮಾಡಬೇಕೆಂದರೆ ಮೊದಲು ಒಲೆಯ ಮುಂದಿನಿಂದ ಎದ್ದು ಬರಬೇಕು. ಈ ಗುಟ್ಟನ್ನು ನಮ್ಮ ಕೊಡಗಿನ ಅಡುಗೆಯವರಿಗೆ ಯಾರೂ ಹೇಳಿಕೊಟ್ಟಿಲ್ಲ. ಅವರು ಇನ್ನೂ ಮದುವೆ ಮಂಟಪದ ಹಿಂಭಾಗದಲ್ಲಿ ಹೊಗೆ ಕುಡಿಯುತ್ತಾ, ಉದ್ದ ಹಿಡಿಯ ಸೌಟು ಹಿಡಿದು ಹಂಡೆ ತಿರುವುತ್ತಿದ್ದಾರೆ. ಲಂಡನ್ನಿನ ಶೆಫ್ ಗಾರ್ಡನ್ ರಾಮ್ಸೆ ಸಾಹೇಬರು ಮಾತ್ರ ಎದ್ದು ಬಂದು ಬಹಳ ವರ್ಷವಾಯಿತು. 2020ರಲ್ಲಿ ಫೋರ್ಬ್ಸ್ ಪತ್ರಿಕೆ ಹಾಕಿದ ಲೆಕ್ಕದಲ್ಲಿ ಅವರ ಒಂದು ವರ್ಷದ ಗಳಿಕೆ 7 ಕೋಟಿ ಡಾಲರ್. ಆಗಿನ ದರದಲ್ಲಿ 500 ಕೋಟಿ ರೂಪಾಯಿಗೂ ಮೇಲೆ. ದಿನಕ್ಕೆ ಸುಮಾರು 1.4 ಕೋಟಿ ಬಿತ್ತು, ಭಾನುವಾರದ ರಜೆಯೂ ಸೇರಿ.

ಲಂಡನ್ ನಮಗೇನು ಹೊಸದಲ್ಲ. ನಮ್ಮ ರೋಬಸ್ಟಾ ಕಾಫಿಯ ಬೆಲೆ ಏಳುವುದೂ ಬೀಳುವುದೂ ಅಲ್ಲಿನ ಮಾರುಕಟ್ಟೆಯಲ್ಲೇ. ಬೆಳಿಗ್ಗೆ ಎದ್ದು ಮೊದಲು ಮೊಬೈಲಿನಲ್ಲಿ ಲಂಡನ್ ರೇಟು ನೋಡಿ, ಆಮೇಲೆ ಕಿಟಕಿಯಿಂದ ಮಳೆ ನೋಡುವ ಜನ ನಾವು. 2024ರಲ್ಲಿ ಆ ರೇಟು ಟನ್ನಿಗೆ 5,000 ಡಾಲರ್ ದಾಟಿದಾಗ ಗೋಣಿಕೊಪ್ಪ, ವಿರಾಜಪೇಟೆಯ ಕಡೆ ನಡೆಯುವವರ ನಡಿಗೆಯೇ ಬದಲಾಗಿತ್ತು. ಆ ಚಿನ್ನದಂಥ ರೇಟಿನಲ್ಲೇ ಲೆಕ್ಕ ಹಾಕಿ ನೋಡಿ: ರಾಮ್ಸೆಯವರ ಆ ಒಂದು ವರ್ಷದ ಗಳಿಕೆಗೆ ಸಮ ಬರಲು ನಾವು 14,000 ಟನ್ ರೋಬಸ್ಟಾ ಮಾರಬೇಕು. ಅಷ್ಟು ಬೆಳೆಯಲು ಹೂಮಳೆ ಹೊತ್ತಿಗೆ ಸರಿಯಾಗಿ ಬರಬೇಕು, ಕಾಯಿಕೊರಕ ಬರಬಾರದು, ಕುಯ್ಯುವವರು ಬರಬೇಕು, ಆನೆ ಬರಬಾರದು, ಕಣದಲ್ಲಿ ಹರಡಿದ ಮೇಲೆ ಮತ್ತೆ ಮಳೆ ಬರಲೇಬಾರದು. ಸಾಹೇಬರಿಗೆ ಗಂಟಲು ಕಟ್ಟದಿದ್ದರೆ ಸಾಕು.

ಏಕೆಂದರೆ ಅವರು ಮಾರುವುದು ಬೈಗುಳ. ನೋಡದವರಿಗಾಗಿ ಹೇಳುತ್ತೇನೆ. 2005ರಿಂದ ಅಮೆರಿಕದ ಟಿವಿಯಲ್ಲಿ ‘ಹೆಲ್ಸ್ ಕಿಚನ್’ ಎಂಬ ಕಾರ್ಯಕ್ರಮ ನಡೆಯುತ್ತಿದೆ. ದೊಡ್ಡ ದೊಡ್ಡ ಆಳುಗಳು ಬಿಳಿ ಕೋಟು ತೊಟ್ಟು ಮೀನು ಹುರಿಯುತ್ತಾರೆ. ಮೀನು ಒಳಗೆ ಹಸಿ ಇರುತ್ತದೆ. ರಾಮ್ಸೆ ಅದನ್ನು ಬೆರಳಿನಿಂದ ಒತ್ತಿ ನೋಡಿ, ಕತ್ತೆ ಎಂದು ಕೂಗಿ, ತಟ್ಟೆ ಕುಕ್ಕುತ್ತಾರೆ. ಬೈಸಿಕೊಂಡವನು ‘ಯೆಸ್ ಶೆಫ್’ ಎನ್ನುತ್ತಾನೆ. ನಡುವೆ ಜಾಹೀರಾತು. 2015ರಲ್ಲಿ ಒಂದು ತಮಾಷೆ ಕಾರ್ಯಕ್ರಮದಲ್ಲಿ ಹೆಂಗಸೊಬ್ಬರ ಎರಡೂ ಕೆನ್ನೆಗೆ ಬ್ರೆಡ್ಡಿನ ತುಂಡು ಒತ್ತಿ ಹಿಡಿದು, ನೀನು ಯಾರು ಹೇಳು ಎಂದು ಗದರಿಸಿದರು. ‘ಈಡಿಯಟ್ ಸ್ಯಾಂಡ್‌ವಿಚ್’ ಎಂದು ಆಕೆಯೇ ಹೇಳಬೇಕಿತ್ತು. ಜಗತ್ತು ಆ ತುಣುಕನ್ನು ಇನ್ನೂ ಹಂಚಿಕೊಂಡು ನಗುತ್ತಿದೆ. ಬ್ರೆಡ್ಡಿನ ರುಚಿ ಹೇಗಿತ್ತು ಎಂದು ಕೇಳಿದವರನ್ನು ನಾನು ಕಂಡಿಲ್ಲ.

ನಮ್ಮ ಕಡೆಯ ಮದುವೆ ಅಡುಗೆಯ ಹಿರಿಯರೊಬ್ಬರಿಗೆ ಈ ಸಂಗತಿಯನ್ನು ವಿವರಿಸಿದೆ. ಈರುಳ್ಳಿ ದಪ್ಪ ಹೆಚ್ಚಿದವನ ಮೂರು ತಲೆಮಾರನ್ನು ಒಂದೇ ಉಸಿರಿನಲ್ಲಿ ಎಳೆದು ತರುವ ಶಕ್ತಿ ಅವರಿಗಿದೆ. ಸೌಟು ಕೆಳಗಿಟ್ಟು ನನ್ನನ್ನೇ ದಿಟ್ಟಿಸಿ ನೋಡಿದರು. “ಎಂತ ಮಾರಾಯ್ರೆ, ಬೈದದ್ದಕ್ಕೆ ದುಡ್ಡಾ? ಹಾಗಾದ್ರೆ ನಂಗೆ ಮೂವತ್ತು ವರ್ಷದ ಅರಿಯರ್ಸ್ ಬರ್ಬೇಕು.”

ಹಾಗೆಂದು ರಾಮ್ಸೆಗೆ ಅಡುಗೆ ಬರುವುದಿಲ್ಲ ಎಂದುಕೊಳ್ಳಬೇಡಿ. ಚೆನ್ನಾಗಿಯೇ ಬರುತ್ತದೆ, ತಮಾಷೆ ಇರುವುದೇ ಅಲ್ಲಿ. 1966ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ಹುಡುಗ, ಫುಟ್‌ಬಾಲ್ ಆಡುವವನಿದ್ದ, ಮೊಣಕಾಲು ಕೈಕೊಟ್ಟಿತು. ಲಂಡನ್ನಿನಲ್ಲಿ ಮಾರ್ಕೊ ಪಿಯೆರ್ ವೈಟ್, ಆಲ್ಬರ್ಟ್ ರೂ, ಪ್ಯಾರಿಸ್ಸಿನಲ್ಲಿ ಗೀ ಸವಾಯ್, ಜೊಯೆಲ್ ರೊಬುಶೋನ್ ಇಂಥ ಗುರುಗಳ ಅಡುಗೆಮನೆಯಲ್ಲಿ ಬೈಸಿಕೊಂಡು ಬೆಂದ. 1998ರಲ್ಲಿ ಲಂಡನ್ನಿನ ಚೆಲ್ಸಿಯಲ್ಲಿ ಸ್ವಂತ ಹೋಟೆಲು ತೆಗೆದ. 2001ರಲ್ಲಿ ಅದಕ್ಕೆ ಮಿಶೆಲಿನ್‌ನ ಮೂರು ಸ್ಟಾರ್ ಸಿಕ್ಕಿತು. ಮೂರಕ್ಕಿಂತ ಹೆಚ್ಚು ಯಾರಿಗೂ ಕೊಡುವುದಿಲ್ಲ.

ಮಿಶೆಲಿನ್ ಎಂದರೆ ಟೈರ್ ಕಂಪನಿ, ಮರೆಯಬೇಡಿ. ಜನ ಕಾರು ಹತ್ತಿ ದೂರ ದೂರ ಹೋಗಲಿ, ಟೈರು ಸವೆಯಲಿ ಎಂದು 1900ರಲ್ಲಿ ಫ್ರಾನ್ಸಿನಲ್ಲಿ ಗೈಡು ಅಚ್ಚು ಹಾಕಿಸಿದವರು, ಮುಂದೆ ಹೋಟೆಲುಗಳಿಗೆ ಸ್ಟಾರ್ ಕೊಡಲು ಕುಳಿತರು. ಟೈರು ಸವೆಸುವುದೇ ಅರ್ಹತೆಯಾದರೆ ಮಳೆಗಾಲದ ಸಂಪಾಜೆ ಘಾಟಿಗೆ ಮೂರಲ್ಲ, ಆರು ಸ್ಟಾರ್ ಬರಬೇಕಿತ್ತು. ದಾರಿಯಲ್ಲಿ ಸಿಗುವ ಗೂಡಂಗಡಿಯ ಆಮ್ಲೆಟ್ಟಿಗೂ ಒಂದೆರಡು.

ಮೂರು ಸ್ಟಾರ್ ಸಿಕ್ಕಿದ ಮೇಲೆ ಮನುಷ್ಯ ಶ್ರೀಮಂತನಾದನೆ? 2009ರ ಹೊತ್ತಿಗೆ ಅವರ ಹೋಟೆಲು ಕಂಪನಿ ಬ್ಯಾಂಕ್ ಸಾಲದಲ್ಲಿ ಕುತ್ತಿಗೆವರೆಗೆ ಮುಳುಗಿತ್ತು. ಅದೇ ಕಾಲಕ್ಕೆ ಅದೇ ಮನುಷ್ಯ ಟಿವಿಯಲ್ಲಿ ಏನು ಮಾಡುತ್ತಿದ್ದರು ಗೊತ್ತೆ? ದಿವಾಳಿಯಾಗುತ್ತಿರುವ ಹೋಟೆಲುಗಳಿಗೆ ನುಗ್ಗಿ, ವ್ಯವಹಾರ ಹೇಗೆ ಮಾಡಬೇಕೆಂದು ಮಾಲೀಕರಿಗೆ ಬೈದು ಬುದ್ಧಿ ಹೇಳುತ್ತಿದ್ದರು. ‘ಕಿಚನ್ ನೈಟ್‌ಮೇರ್ಸ್’ ಅದರ ಹೆಸರು. ಬುದ್ಧಿ ಹೇಳಿಸಿಕೊಂಡ ಹೋಟೆಲುಗಳಲ್ಲಿ ಎಷ್ಟೋ ಆಮೇಲೂ ಬಾಗಿಲು ಹಾಕಿದವು. ಕಾರ್ಯಕ್ರಮ ಮಾತ್ರ ವರ್ಷಗಟ್ಟಲೆ ಓಡಿತು. ಅಡುಗೆ ಮಾಡಿ ಸಾಲ, ಅಡುಗೆಯವರನ್ನು ಬೈದು ಲಾಭ. ನಮ್ಮ ಸಹಕಾರ ಸಂಘಗಳು ಈ ಮಾದರಿಯನ್ನು ಇನ್ನೂ ಏಕೆ ಅಧ್ಯಯನ ಮಾಡಿಲ್ಲ ಎಂಬುದೇ ನನಗೆ ಆಶ್ಚರ್ಯ.

ಆ ಕಾರ್ಯಕ್ರಮದಲ್ಲಿ ಸಾಹೇಬರ ಮೈ ಉರಿಯುತ್ತಿದ್ದದ್ದು ಮುಖ್ಯವಾಗಿ ಒಂದು ಸಂಗತಿಗೆ: ಫ್ರೀಜರಿನಿಂದ ತೆಗೆದ ಊಟವನ್ನು ಮೈಕ್ರೋವೇವಿನಲ್ಲಿ ಬಿಸಿ ಮಾಡಿ ಗಿರಾಕಿಗೆ ಕೊಡುವುದು. ಫ್ರೀಜರಿನ ಬಾಗಿಲು ತೆಗೆದು ಅವರು ಹಾಕುತ್ತಿದ್ದ ಕೂಗಿಗೆ ಐಸು ಕರಗಬೇಕು. 2023ರಲ್ಲಿ ಅಮೆರಿಕದ ವಾಲ್‌ಮಾರ್ಟ್ ಅಂಗಡಿಗಳಿಗೆ ಹೊಸ ಮಾಲು ಬಂತು. ಗಾರ್ಡನ್ ರಾಮ್ಸೆ ಹೆಸರಿನ ಫ್ರೋಜನ್ ಊಟ. ತಂದು ಮೈಕ್ರೋವೇವಿನಲ್ಲಿಟ್ಟು ತಿನ್ನಬಹುದು. ಬೈಯಲು ಯಾರೂ ಬರುವುದಿಲ್ಲ.

ಇದು ಒಬ್ಬರ ಕಥೆಯಲ್ಲ. ಮಕ್ಕಳಿಗೆ ಒಳ್ಳೆಯ ಊಟ ಕೊಡಿ ಎಂದು ಸರ್ಕಾರವನ್ನೇ ಅಲ್ಲಾಡಿಸಿದ ಶೆಫ್ ಜೇಮಿ ಆಲಿವರ್ ಅವರ ಬ್ರಿಟನ್ನಿನ ಹೋಟೆಲು ಸಾಮ್ರಾಜ್ಯ 2019ರ ಮೇ ತಿಂಗಳಲ್ಲಿ ಕುಸಿಯಿತು. ಸಾವಿರದಷ್ಟು ಕೆಲಸಗಾರರು ಬೀದಿಗೆ ಬಂದರು, ಜೇಮಿ ಮತ್ತೆ ಟಿವಿಗೆ ಬಂದರು. ನಮ್ಮ ದೇಶದ ಸಂಜೀವ್ ಕಪೂರ್ 1993ರಿಂದ ನಗುನಗುತ್ತಲೇ ಅಡುಗೆ ತೋರಿಸಿ, ಪಾತ್ರೆ ಮಾರಿ, ಚಾನೆಲ್ಲನ್ನೇ ತೆಗೆದು, 2017ರಲ್ಲಿ ಪದ್ಮಶ್ರೀಯನ್ನೂ ಪಡೆದರು. ಬೈಯದೆಯೂ ಬದುಕಬಹುದು ಎಂಬುದಕ್ಕೆ ಇದೊಂದು ದಾಖಲೆ. ಆದರೆ ರಾಮ್ಸೆಯ ಲೆಕ್ಕದ ಮುಂದೆ ನಗುವಿನ ರೇಟು ಸ್ವಲ್ಪ ಕಮ್ಮಿ.

ಇಂಥ ಮಹಾನುಭಾವರಾದ ರಾಮ್ಸೆ ನಮ್ಮಲ್ಲಿಗೂ ಬಂದರು. ನ್ಯಾಷನಲ್ ಜಿಯೋಗ್ರಾಫಿಕ್ ಚಾನೆಲ್ಲಿಗಾಗಿ ಕೇರಳದ ಕಡೆಯಲ್ಲೂ ಕೊಡಗಿನಲ್ಲೂ ಚಿತ್ರೀಕರಣವಾದ ಕಂತು 2020ರಲ್ಲಿ ಪ್ರಸಾರವಾಯಿತು. ಆ ಕಾರ್ಯಕ್ರಮದ ಪದ್ಧತಿ ಹೀಗೆ: ಸಾಹೇಬರು ಒಂದು ಊರಿಗೆ ಬರುತ್ತಾರೆ, ಊರವರಿಂದ ಅಡುಗೆ ಕಲಿಯುತ್ತಾರೆ, ವಾರ ಮುಗಿಯುವಷ್ಟರಲ್ಲಿ ಊರವರಿಗೇ ಅಡುಗೆ ಮಾಡಿ ಬಡಿಸುತ್ತಾರೆ. ಅಜ್ಜಿಯರು ನಲವತ್ತು ವರ್ಷ ಮಾಡಿದ್ದನ್ನು ಏಳು ದಿನದಲ್ಲಿ ಕಲಿಯುವುದು ಸಣ್ಣ ಮಾತಲ್ಲ. ಹಾಗೆ ಕಲಿಸಿಕೊಟ್ಟದ್ದಕ್ಕೆ ಅಜ್ಜಿಯರನ್ನು ಫೋರ್ಬ್ಸ್ ಪಟ್ಟಿಗೆ ಸೇರಿಸುವುದು ಮಾತ್ರ ಯಾರಿಗೂ ಹೊಳೆಯುವುದಿಲ್ಲ.

ಕಾಚಂಪುಳಿ ಎಂಬ ನಮ್ಮ ಹುಳಿಯನ್ನೇ ತೆಗೆದುಕೊಳ್ಳಿ. ಅದಿಲ್ಲದ ಹಂದಿ ಮಾಂಸದ ಪಂದಿ ಕರಿಯನ್ನು ನಮ್ಮವರು ಪಂದಿ ಕರಿ ಎಂದು ಒಪ್ಪುವುದಿಲ್ಲ. ಮಳೆಗಾಲದಲ್ಲಿ, ಹೊರಗೆ ಕಾಲಿಟ್ಟರೆ ಜಿಗಣೆ ಹತ್ತುವ ದಿನಗಳಲ್ಲಿ, ಮರದಡಿ ಬಿದ್ದ ಪಣಪುಳಿ ಹಣ್ಣು ಆಯ್ದು ತರಬೇಕು. ಬುಟ್ಟಿಯಲ್ಲಿ ಹಾಕಿಟ್ಟರೆ ಹಣ್ಣು ಕೊಳೆತು ರಸ ಕೆಳಗಿನ ಪಾತ್ರೆಗೆ ತೊಟ್ಟಿಕ್ಕುತ್ತದೆ. ಆ ರಸವನ್ನು ಸೌದೆ ಒಲೆಯ ಮೇಲೆ ಗಂಟೆಗಟ್ಟಲೆ ಕಾಯಿಸಬೇಕು. ಹಸಿ ಸೌದೆ, ಉರಿ ಹತ್ತುವುದಿಲ್ಲ, ಹೊಗೆ ಬಿಡುವುದಿಲ್ಲ. ಬುಟ್ಟಿಗಟ್ಟಲೆ ಹಣ್ಣು ಕೊನೆಗೆ ಒಂದು ಬಾಟಲಿಯಷ್ಟು ಕಪ್ಪು ದ್ರವವಾಗುತ್ತದೆ, ವರ್ಷಗಟ್ಟಲೆ ಕೆಡುವುದಿಲ್ಲ. ಮಸಾಲೆಯದ್ದೂ ಅಷ್ಟೇ ತಪಸ್ಸು. ಕೊತ್ತಂಬರಿ, ಜೀರಿಗೆ, ಕರಿಮೆಣಸು, ಸಾಸಿವೆ, ಮೆಂತ್ಯ ಎಲ್ಲವನ್ನೂ ಸುಟ್ಟಿತು ಎನ್ನುವ ಅಂಚಿನವರೆಗೆ ಹುರಿದು, ಸುಡುವ ಮೊದಲು ಇಳಿಸಬೇಕು. ಆ ಕ್ಷಣ ಯಾವುದೆಂದು ಯಾವ ಪುಸ್ತಕದಲ್ಲೂ ಇಲ್ಲ, ಹುರಿಯುವವರ ಮೂಗಿನಲ್ಲಿದೆ. ಟಿವಿಯಲ್ಲಿ ಇಂಥ ಕೆಲಸಕ್ಕೆಲ್ಲ ಹಿನ್ನೆಲೆ ಸಂಗೀತದ ಜೊತೆ ನಾಲ್ಕೈದು ಸೆಕೆಂಡು ಕೊಡುತ್ತಾರೆ. ತಿಂದವರು ಕಣ್ಣು ಮುಚ್ಚಿ ತಲೆ ಆಡಿಸುವುದಕ್ಕೆ ಅದಕ್ಕಿಂತ ಹೆಚ್ಚು.

ನಾವೂ ಏನು ಕಮ್ಮಿಯಿಲ್ಲ. 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದ ಕೊಡವ ಕೌಟುಂಬಿಕ ಹಾಕಿಯಲ್ಲಿ 360 ತಂಡಗಳು ಆಡಿ ಗಿನ್ನೆಸ್ ದಾಖಲೆಯಾಯಿತು. ಗೋಲು ಹೊಡೆದವರ ಹೆಸರನ್ನು ಮೈಕಿನಲ್ಲಿ ಕೂಗುತ್ತೇವೆ. ಅಷ್ಟು ಜನರಿಗೆ ಬೇಯಿಸಿ ಹಾಕಿದವರ ಹೆಸರು ಅವರ ಅಡುಗೆಮನೆಯಿಂದ ಆಚೆಗೆ ಕೇಳುವುದಿಲ್ಲ. ಉಪ್ಪು ಜಾಸ್ತಿಯಾದ ದಿನ ಮಾತ್ರ ಕೇಳುತ್ತದೆ.

ಸಾಹೇಬರು ಹೋದ ಮೇಲೆ ಹೋಂಸ್ಟೇಗಳು ಸುಮ್ಮನಿರುವವೇ? ‘ಟಿವಿಯಲ್ಲಿ ಬಂದ ಪಂದಿ ಕರಿ’ ಎಂಬ ಬೋರ್ಡನ್ನು ಯಾರು ಬೇಕಾದರೂ ಹಾಕಬಹುದು. ಯಾವ ಟಿವಿ ಎಂದು ಕೇಳುವ ಪ್ರವಾಸಿ ಇನ್ನೂ ಹುಟ್ಟಿಲ್ಲ. ಪರಿಚಯದ ಹೋಂಸ್ಟೇ ಮಾಲೀಕರೊಬ್ಬರಿಗೆ ನಾನು ಇನ್ನೊಂದು ಹೆಜ್ಜೆ ಮುಂದಿನ ಯೋಜನೆ ಕೊಟ್ಟಿದ್ದೇನೆ. ಬೆಂಗಳೂರಿನಿಂದ ಬರುವ ಸಾಫ್ಟ್‌ವೇರಿನವರು ರಾಜಾಸೀಟು, ಅಬ್ಬಿ ನೋಡಿ ದಣಿದಿರುತ್ತಾರೆ. ಅವರಿಗೆ ಏಪ್ರನ್ ಕಟ್ಟಿ, ಅಕ್ಕಿಯ ಕಡುಂಬುಟ್ಟು ಉಂಡೆ ಕಟ್ಟಲು ಕೂರಿಸುವುದು. ಉಂಡೆ ಒಡೆದೇ ಒಡೆಯುತ್ತದೆ. ಆಗ ನಮ್ಮ ಮದುವೆ ಅಡುಗೆಯ ಹಿರಿಯರನ್ನು ಒಳಗೆ ಬಿಡುವುದು. ಬೈಗುಳ ಶುದ್ಧ ಸ್ಥಳೀಯ, ವಿಡಿಯೊ ತೆಗೆದುಕೊಳ್ಳಲು ಅವಕಾಶವಿದೆ, ತಲೆಗೆ ಐನೂರು ರೂಪಾಯಿ. ಮಕ್ಕಳಿಗೆ ರಿಯಾಯಿತಿ, ರಾಮ್ಸೆಯವರೂ ಮಕ್ಕಳ ಮಾಸ್ಟರ್‌ಶೆಫ್‌ನಲ್ಲಿ ಮೆತ್ತಗಾಗುತ್ತಾರೆ.

ಮಾಲೀಕರು ತಕ್ಷಣ ಒಪ್ಪಿದರು. ಹಿರಿಯರು ಮುಂಗಡ ಕೇಳಿದ್ದಾರೆ, ಜೊತೆಗೆ ಒಂದು ಷರತ್ತು: ಬೈಯುವ ದಿನ ತಾವು ಅಡುಗೆ ಮಾಡುವುದಿಲ್ಲ, ಅಂತರರಾಷ್ಟ್ರೀಯ ಪದ್ಧತಿಯೇ ಹಾಗೆ. ಈಗ ವಿಷಯ ಆಡಿಟರ ಮೇಜಿನ ಮೇಲಿದೆ. ಊಟಕ್ಕೆ ಶೇ 5 ಜಿಎಸ್‌ಟಿ ಸರಿ, ಬೈಗುಳಕ್ಕೆ ಎಷ್ಟು, ಅದು ಸರಕೋ ಸೇವೆಯೋ ಎಂದು ಅವರು ಕೇಳುತ್ತಿದ್ದಾರೆ. ಊಟದ ಬಿಲ್ಲಿನಲ್ಲೇ ಸೇರಿಸಿಬಿಡಿ ಎಂದು ಮಾಲೀಕರು. ಹಾಗೆ ಮಾಡಿದರೆ ಬಿಲ್ಲಿನಲ್ಲಿ ಊಟವೇ ಸಣ್ಣದಾಗಿ ಕಾಣುತ್ತದೆ ಎಂದು ಆಡಿಟರು. ಕೊನೆಗೆ ‘ಕನ್ಸಲ್ಟೆನ್ಸಿ, ಶೇ 18’ ಎಂದು ಬರೆದುಕೊಂಡಿದ್ದಾರೆ.