ಮುಸುರೆ ನೀರಿನ ಮುಂದೆ ಹತ್ತು ವರ್ಷ

ಆಗ್ನೆಸ್ ಪೊಕೆಲ್ಸ್ ಬಗ್ಗೆ ಬರೆಯುವವರೆಲ್ಲ "ಪಾತ್ರೆ ತೊಳೆಯುತ್ತಾ ವಿಜ್ಞಾನ ಕಂಡ ಹೆಂಗಸು" ಅಂತ ಶುರು ಮಾಡುತ್ತಾರೆ. ಈ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಮುಸುರೆ ತಿಕ್ಕದವರು ಯಾರಿದ್ದಾರೆ? ನೀರಿನ ಮೇಲೆ ಜಿಡ್ಡು ತೇಲುವುದನ್ನು ನಾವೆಲ್ಲ ದಿನಾ ನೋಡುತ್ತೇವೆ. ಅದನ್ನು ಅಳೆಯೋಣ ಅಂತ ಎಷ್ಟು ಜನರಿಗೆ ಹೊಳೆದಿದೆ?

ಹುಟ್ಟಿದ್ದು 1862ರಲ್ಲಿ, ವೆನಿಸ್‌ನಲ್ಲಿ. ಬೆಳೆದಿದ್ದು ಜರ್ಮನಿಯ ಬ್ರೌನ್‌ಶ್ವೈಗ್‌ನಲ್ಲಿ. ಭೌತಶಾಸ್ತ್ರ ಓದುವ ಆಸೆ, ಆದರೆ ಅಲ್ಲಿನ ವಿಶ್ವವಿದ್ಯಾಲಯಗಳು ಆಗ ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಮೂರು ವರ್ಷ ಚಿಕ್ಕವನಾದ ತಮ್ಮ ಗಾಟಿಂಗನ್‌ನಲ್ಲಿ ಓದಿದ. ಅವನ ಪುಸ್ತಕಗಳೇ ಅಕ್ಕನ ಕಾಲೇಜು. ಲೇಸರ್ ಕೆಲಸದವರು ಹೇಳುವ 'ಪೊಕೆಲ್ಸ್ ಪರಿಣಾಮ' (ವಿದ್ಯುತ್ ಕ್ಷೇತ್ರದಿಂದ ಹರಳಿನೊಳಗೆ ಬೆಳಕು ಸಾಗುವ ರೀತಿ ಬದಲಾಗುವುದು) ಈ ತಮ್ಮನದು. ಅಕ್ಕನ ಪಾಲಿಗೆ ಬಂದಿದ್ದು ಕಾಯಿಲೆಯ ಅಪ್ಪ, ಅಮ್ಮ ಮತ್ತು ಅಡುಗೆಮನೆ.

ಇಪ್ಪತ್ತರ ಆಸುಪಾಸಿನಲ್ಲಿ ಆಕೆ ತಗಡಿನದೊಂದು ಟ್ರೇ ಮಾಡಿಕೊಂಡಳು. 70 ಸೆಂಟಿಮೀಟರ್ ಉದ್ದ, 5 ಅಗಲ. ಅಂಚಿನವರೆಗೆ ನೀರು, ಮೇಲೆ ಅಡ್ಡಲಾಗಿ ಒಂದು ತಗಡಿನ ಪಟ್ಟಿ. ಪಟ್ಟಿ ಸರಿಸಿದರೆ ಜಿಡ್ಡಿನ ಪದರ ಹರಡಿಕೊಳ್ಳುತ್ತದೆ, ಇಲ್ಲವೇ ಒತ್ತರಿಸಿಕೊಳ್ಳುತ್ತದೆ. 6 ಮಿಲಿಮೀಟರ್‌ನ ಪುಟ್ಟ ಬಿಲ್ಲೆಯೊಂದನ್ನು ನೀರಿಗೆ ಮುಟ್ಟಿಸಿ, ಅದನ್ನು ಎತ್ತಲು ಎಷ್ಟು ಬಲ ಬೇಕು ಅಂತ ತಕ್ಕಡಿಯಲ್ಲಿ ನೋಡುವುದು. ಅಷ್ಟೇ ಉಪಕರಣ. ಪದರ ಹರವಾಗಿದ್ದಾಗ ನೀರಿನ ಮೇಲ್ಮೈ ಎಳೆತ, ಅಂದರೆ ಬಿಲ್ಲೆಯನ್ನು ಹಿಡಿದಿಡುವ ಆ ಬಿಗಿತ, ಹೆಚ್ಚೂಕಡಿಮೆ ಹಾಗೇ ಇರುತ್ತದೆ. ಒತ್ತುತ್ತಾ ಹೋದರೆ ಒಂದು ಹಂತದಲ್ಲಿ ತಟ್ಟನೆ ಇಳಿಯತೊಡಗುತ್ತದೆ. ಪದರ ಒಂದೇ ಅಣುವಿನಷ್ಟು ದಪ್ಪವಾಗಿ, ಅಣುಗಳು ಒಂದಕ್ಕೊಂದು ಅಂಟಿ ನಿಂತಿರುವ ಹಂತ ಅದು ಅಂತ ಆಮೇಲೆ ಗೊತ್ತಾಯಿತು.

ಹತ್ತು ವರ್ಷದ ಈ ಕೆಲಸವನ್ನು 1891ರ ಜನವರಿಯಲ್ಲಿ ಇಂಗ್ಲೆಂಡಿನ ಭೌತವಿಜ್ಞಾನಿ ಲಾರ್ಡ್ ರೇಲಿಗೆ ಜರ್ಮನ್‌ನಲ್ಲೇ ಬರೆದು ಕಳಿಸಿದಳು. ರೇಲಿ ಕೂಡ ಇದೇ ವಿಷಯದ ಬೆನ್ನು ಹತ್ತಿದ್ದವರು. ಕಾಗದವನ್ನು ಸುಮ್ನೆ ಮೇಜಿನ ಖಾನೆಗೆ ತಳ್ಳಿದ್ದರೆ ಕೇಳುವವರು ಯಾರಿದ್ದರು? ಹೆಂಡತಿಯಿಂದ ಅನುವಾದ ಮಾಡಿಸಿ 'ನೇಚರ್' ಪತ್ರಿಕೆಗೆ ಕಳಿಸಿದರು. ಮಾರ್ಚ್ 12ಕ್ಕೆ ಅಚ್ಚಾಯಿತು. ದೊಡ್ಡ ಮನುಷ್ಯ ಅಂದರೆ ಇವರು, ಅಲ್ವಾ?

ಆ ಟ್ರೇಯನ್ನೇ ಇನ್ನಷ್ಟು ತಿದ್ದಿ ಮೇಲ್ಮೈ ರಸಾಯನಶಾಸ್ತ್ರದಲ್ಲಿ ಮುಂದೆ ಹೋದ ಅಮೆರಿಕದ ವಿಜ್ಞಾನಿ ಲ್ಯಾಂಗ್‌ಮ್ಯೂರ್‌ಗೆ 1932ರಲ್ಲಿ ನೊಬೆಲ್ ಬಂತು. ಅದೇ ವರ್ಷ ಬ್ರೌನ್‌ಶ್ವೈಗ್‌ನ ತಾಂತ್ರಿಕ ವಿಶ್ವವಿದ್ಯಾಲಯ ಆಗ್ನೆಸ್‌ಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಆಗ ಆಕೆಗೆ 70. ತೀರಿಕೊಂಡಿದ್ದು 1935ರಲ್ಲಿ.

ನನ್ನನ್ನು ಕಾಡುವುದು ಆ ಕಾಗದದ ಮೊದಲ ಸಾಲುಗಳು. ತೊಂದರೆ ಕೊಡುತ್ತಿರುವುದಕ್ಕೆ ಕ್ಷಮೆ ಕೇಳುತ್ತಾಳೆ. ನಾನಾ ಕಾರಣಗಳಿಂದ ವಿಜ್ಞಾನ ಪತ್ರಿಕೆಗಳಲ್ಲಿ ಪ್ರಕಟಿಸುವ ಸ್ಥಿತಿಯಲ್ಲಿ ತಾನಿಲ್ಲ ಅನ್ನುತ್ತಾಳೆ. ಆ ಕಾರಣಗಳು ಏನು ಅಂತ ಒಂದನ್ನೂ ಬಿಡಿಸಿ ಹೇಳುವುದಿಲ್ಲ. ನೇರವಾಗಿ ಟ್ರೇಯ ಅಳತೆಗೆ ಇಳಿದುಬಿಡುತ್ತಾಳೆ.