ಬೋರ್ಡಿಗೆ ಬಾರದ ಕರಿ ವೈರು

ಆರಿಸಿದ ದೀಪ ಆರಬೇಕು. ಇದಕ್ಕಿಂತ ಹೆಚ್ಚಿನದನ್ನು ನಾನು ಯಾವ ದೀಪದಿಂದಲೂ ಬಯಸಿದವನಲ್ಲ. ಆದರೆ ನಮ್ಮ ನಡುಮನೆಯ ಎಲ್‌ಇಡಿ ಬಲ್ಬು ಈಗ ರಾತ್ರಿಯಿಡೀ ಮಿಣಮಿಣ ಎನ್ನುತ್ತಿರುತ್ತದೆ. ಉರಿಯುತ್ತಿದೆ ಎನ್ನೋಣವೆಂದರೆ ಅದರ ಬೆಳಕಿನಲ್ಲಿ ಗಡಿಯಾರದ ಮುಳ್ಳೂ ಕಾಣುವುದಿಲ್ಲ. ಆರಿದೆ ಎನ್ನೋಣವೆಂದರೆ ನಿದ್ದೆ ಬರುವುದಿಲ್ಲ. "ದೇವರ ದೀಪ ಅಂದುಕೊಂಡು ಮಲಗಿಬಿಡಿ" ಎಂದಳು ಹೆಂಡತಿ. ದೇವರ ದೀಪಕ್ಕೆ ಪಾಸ್‌ವರ್ಡ್ ಇರುವುದಿಲ್ಲ ಎಂದೆ.

ಇದು ಸೋದರಳಿಯನ ಕೊಡುಗೆ. ಬೆಂಗಳೂರಿನಲ್ಲಿರುವ ಅವನಿಗೆ ಹಬ್ಬಕ್ಕೆ ಬರಿಗೈಯಲ್ಲಿ ವಿಜಯಪುರಕ್ಕೆ ಬರಲು ಸಂಕೋಚ. ಒಂದು ಧೋತರ ತಂದಿದ್ದರೆ ಉಟ್ಟು ಹರಸುತ್ತಿದ್ದೆ. ಅವನು ತಂದದ್ದು ಮೊಬೈಲಿನಿಂದಲೇ ಹಚ್ಚಿ ಆರಿಸುವ ಸ್ಮಾರ್ಟ್ ಸ್ವಿಚ್ಚುಗಳು. "ಮಾಮಾ, ಇನ್ನು ಮೇಲೆ ನೀವು ಏಳುವುದೇ ಬೇಡ. ಕೂತಲ್ಲಿಂದಲೇ ದೀಪ ಹಚ್ಚಿ, ಕೂತಲ್ಲಿಂದಲೇ ಆರಿಸಿ" ಎಂದ. ವಯಸ್ಸಾದವರನ್ನು ಕುರ್ಚಿಯಿಂದ ಏಳದಂತೆ ಮಾಡುವುದೇ ಉಪಕಾರವೆಂದು ಈ ಹುಡುಗರಿಗೆ ಯಾರು ಹೇಳಿಕೊಟ್ಟರೋ ತಿಳಿಯದು. ಡಾಕ್ಟರು ನಡೆಯಿರಿ ಎನ್ನುತ್ತಾರೆ, ಅಳಿಯ ಕೂತಿರಿ ಎನ್ನುತ್ತಾನೆ. ಡಾಕ್ಟರಿಗಾದರೆ ಫೀ ಕೊಟ್ಟು ಸುಮ್ಮನಾಗಬಹುದು.

ವೈರಿಂಗ್ ಮಾಡುವ ಹುಡುಗ ಬಂದು ಪಡಸಾಲೆಯ ಬೋರ್ಡು ಬಿಚ್ಚಿದ. ಟೆಸ್ಟರ್ ತೂರಿಸಿದ, ಇಣುಕಿದ, ಮೊಬೈಲಿನ ಬ್ಯಾಟರಿ ಹಿಡಿದು ಮತ್ತೆ ಇಣುಕಿದ. ಕೊನೆಗೆ ನನ್ನತ್ತ ತಿರುಗಿ, "ಇದರೊಳಗೆ ನ್ಯೂಟ್ರಲ್ಲೇ ಇಲ್ಲರೀ ಸರ್" ಎಂದ. ನಾನೇ ಅದನ್ನು ಎಲ್ಲೋ ಬಚ್ಚಿಟ್ಟಿದ್ದೇನೆ ಎನ್ನುವ ದನಿ. ನ್ಯೂಟ್ರಲ್ ಎಂದರೆ ಕರೆಂಟು ಮರಳುವ ಕರಿ ವೈರು, ಸ್ಮಾರ್ಟ್ ಸ್ವಿಚ್ಚಿಗೆ ಅದು ಬೇಕಂತೆ. ನಡುಮನೆಯಲ್ಲೂ ಇರಲಿಲ್ಲ, ಅಡುಗೆಮನೆಯಲ್ಲೂ ಇರಲಿಲ್ಲ. ಪ್ಲಗ್ ಇರುವ ಬೋರ್ಡುಗಳಲ್ಲಿ ಮಾತ್ರ ಕರಿ ವೈರು ಸಿಕ್ಕಿತು. ಹುಡುಗ ಹಳೆಯ ವೈರಿಂಗಿನ ಬಗ್ಗೆ ಏನೋ ಗೊಣಗಿದ. ನನಗೆ ಸಿಟ್ಟು ಬಂತು.

ಊರು ಇನ್ನೂ ಬಿಜಾಪುರವಾಗಿದ್ದ ಕಾಲದಲ್ಲಿ ನಮ್ಮ ಮನೆಗೆ ವೈರಿಂಗ್ ಮಾಡಿದವನು ಗಟ್ಟಿ ಕಸುಬುದಾರ. ಸಾಗವಾನಿ ಪಟ್ಟಿಗಳನ್ನು ಗೋಡೆಗೆ ಬಡಿದು, ಅದರ ಮೇಲೆ ವೈರು ಎಳೆದು, ತಗಡಿನ ಕ್ಲಿಪ್ಪುಗಳನ್ನು ಅಳತೆ ಹಿಡಿದಂತೆ ಸಮನಾಗಿ ಮಡಚಿದ್ದ. ಕೆಂಪು ವೈರು ಬೋರ್ಡಿಗೆ ಇಳಿಯುತ್ತದೆ, ಸ್ವಿಚ್ಚು ದಾಟಿ ಮೇಲೇರಿ ದೀಪಕ್ಕೆ ಹೋಗುತ್ತದೆ. ಕರಿ ವೈರು ಜಂತಿಗುಂಟ ನೇರವಾಗಿ ಹೋಲ್ಡರಿಗೇ ಹೋಗುತ್ತದೆ. ಅದನ್ನು ಬೋರ್ಡಿಗೆ ಇಳಿಸಿ ಮಾಡುವುದೇನು? ಕೂಡಿಸುವುದು, ಅಗಲಿಸುವುದು ಬಿಟ್ಟರೆ ಸ್ವಿಚ್ಚಿಗೆ ಆಗ ಬೇರೆ ಉದ್ಯೋಗವಿರಲಿಲ್ಲ. ತಾಮ್ರ ತುಟ್ಟಿ, ಒಂದು ಗೇಣು ಉಳಿಸಿದವನೇ ಜಾಣ. ಈಗಿನ ಸ್ವಿಚ್ಚಾದರೋ ಮನೆಯಳಿಯನಿದ್ದಂತೆ, ಕೆಲಸವಿಲ್ಲದಾಗಲೂ ಉಣ್ಣಬೇಕು. ಬೆಂಗಳೂರಿನಿಂದ ಯಾವ ಗಳಿಗೆಯಲ್ಲಿ ಅಪ್ಪಣೆ ಬರುವುದೋ ಎಂದು ಹಗಲುರಾತ್ರಿ ಕಿವಿ ತೆರೆದಿಟ್ಟಿರುತ್ತದಲ್ಲ, ಅದಕ್ಕೆ.

ನ್ಯೂಟ್ರಲ್ ಇಲ್ಲದಿದ್ದರೂ ನಡೆಯುವ ಜಾತಿಯದನ್ನು ಅಳಿಯ ತರಿಸಿದ. ಅದು ತನ್ನ ಊಟವನ್ನು ದೀಪದೊಳಗಿಂದಲೇ ಚೂರುಚೂರಾಗಿ ಎಳೆದುಕೊಳ್ಳುತ್ತದೆ. ಹಳೆಯ ತಂತಿಯ ಬಲ್ಬಿಗೆ ಅಷ್ಟು ಕರೆಂಟ್ ಹರಿದದ್ದು ತಿಳಿಯುತ್ತಲೂ ಇರಲಿಲ್ಲ. ಎಲ್‌ಇಡಿ ಮಾತ್ರ ಅಷ್ಟಕ್ಕೇ ಮಿಣುಕುತ್ತದೆ. ಆ ಚೂರು ಕರೆಂಟಿಗೆ ಬೇರೆ ದಾರಿಯಾಗುವಂತೆ ದೀಪಕ್ಕೆ ಒಂದು ಕೆಪಾಸಿಟರ್ ಜೋಡಿಸಿದರೆ ಸರಿಹೋಗುತ್ತದಂತೆ. ಅದು ಇನ್ನೂ ಬಂದಿಲ್ಲ. ಅಲ್ಲಿಯವರೆಗೆ ಪಕ್ಕದಲ್ಲಿ ಒಂದು ಝೀರೋ ಬಲ್ಬು ಹಾಕಿಕೊಳ್ಳಿ ಎಂದ ವೈರಿಂಗ್ ಹುಡುಗ. ಹೆಸರಿಗೆ ಝೀರೋ, ತಿನ್ನುವುದು 15 ವ್ಯಾಟ್. 9 ವ್ಯಾಟಿನ ದೀಪ ನೆಟ್ಟಗೆ ಆರಲಿ ಎಂದು 15 ವ್ಯಾಟಿನ ಇನ್ನೊಂದನ್ನು ಅದರ ಜೊತೆ ಉರಿಸುವ ಲೆಕ್ಕ. ಬೇಡವೆಂದೆ. ಹೊಸದಾಗಿ ಕರಿ ವೈರು ಎಳೆಯೋಣವೆಂದರೆ ಗೋಡೆಯಲ್ಲಿ ಪೈಪಿಲ್ಲ, ಗೋಡೆಯೋ ಎರಡು ಅಡಿ ದಪ್ಪದ ಕಲ್ಲಿನದು. ಆ ಗೋಡೆ ವೈ-ಫೈಯನ್ನೂ ದಾಟಗೊಡುವುದಿಲ್ಲ. 1656ರ ಹೊತ್ತಿಗೇ ಇದೇ ಊರಿನಲ್ಲಿ ಗೋಲ್ ಗುಂಬಜ್ ಕಟ್ಟಿದವರು ಸುಮಾರು 38 ಮೀಟರ್ ಆಚೆಯವನಿಗೆ ಪಿಸುಮಾತು ಮುಟ್ಟಿಸಿದ್ದಾರೆ. ನಮ್ಮ ಪಡಸಾಲೆಯ ಅಪ್ಪಣೆ ಅಡುಗೆಮನೆಗೆ ಮುಟ್ಟಲು ನಡುವೆ ಇನ್ನೊಂದು ಪೆಟ್ಟಿಗೆ ಕೊಳ್ಳಬೇಕಂತೆ.

ಆ ಹಳೆಯ ವೈರಿಂಗಿನಲ್ಲಿ ಒಂದು ದೊಡ್ಡ ತತ್ವವೇ ಅಡಗಿದೆ ಎಂದು ನನಗೆ ಅನಿಸಿದೆ. ಅದನ್ನು ಹೇಳಬೇಕೆಂದೇ ಬರೆಯಲು ಕೂತದ್ದು. ಅದಕ್ಕೆ ಮುಂಚೆ ಮೆಟ್ಟಿಲ ದೀಪದ ಸಂಗತಿ ಹೇಳಿಬಿಡುತ್ತೇನೆ.

ಅಪ್ಪ ಮತ್ತು ಕಾಕಾ ಪಾಲಾದಾಗ ಕೆಳಮನೆ ನಮಗೆ ಬಂತು, ಮೇಲಿನದು ಕಾಕಾನಿಗೆ ಹೋಯಿತು. ಮೀಟರುಗಳೂ ಎರಡಾದವು. ಹೊಲ, ಬಾವಿ, ಹಂಡೆ ಎಲ್ಲ ಪಾಲಾದರೂ ಮೆಟ್ಟಿಲು ಪಾಲಾಗಲಿಲ್ಲ, ಅದರ ಮೇಲಿನ ಬಲ್ಬೂ ಪಾಲಾಗಲಿಲ್ಲ. ಅದು ನಮ್ಮ ಮೀಟರಿಗೇ ಉಳಿಯಿತು. ಕೆಳಗೊಂದು, ಮೇಲೊಂದು ಟೂ ವೇ ಸ್ವಿಚ್ಚು. ಕಾಕಾನದು ಅಡತಿ ಅಂಗಡಿ. ರಾತ್ರಿ ತಡವಾಗಿ ಬಂದು, ಕೆಳಗೆ ದೀಪ ಹಚ್ಚಿ ಮೇಲೇರಿ, ಅಲ್ಲಿ ಆರಿಸುವುದನ್ನು ಮರೆಯುತ್ತಿದ್ದರು. ಮರೆಯುತ್ತಿದ್ದರು ಎಂಬುದು ಕಾಕಾನ ಮಾತು. ಅಪ್ಪ ಶಾಲೆಯಲ್ಲಿ ಗಣಿತ ಹೇಳುತ್ತಿದ್ದವರು. 40 ವ್ಯಾಟಿನ ಬಲ್ಬು ದಿನಕ್ಕೆ 5 ಗಂಟೆ ಉರಿದರೆ ತಿಂಗಳಿಗೆ 6 ಯೂನಿಟ್ ಎಂದು ಮೀಟರಿನ ಪಕ್ಕದ ಗೋಡೆಯ ಮೇಲೆ ಸೀಮೆಸುಣ್ಣದಿಂದ ಬರೆದಿಟ್ಟರು, ಹೋಗುವವರಿಗೂ ಬರುವವರಿಗೂ ಕಾಣುವಂತೆ. ಕಾಕಾ ಅದರ ಕೆಳಗೆ "ಉತ್ತರ ಸರಿ ಇದೆ" ಎಂದು ಬರೆದರು.

ಅಲ್ಲಿಂದ ಯುದ್ಧ ಶುರುವಾಯಿತು. ಮೇಲಿನವರು ಹಚ್ಚುವುದು, ಅಪ್ಪ ಕೆಳಗಿನಿಂದ ಟಪ್ಪೆಂದು ಆರಿಸುವುದು. ಮೆಟ್ಟಿಲ ಮೇಲೆ ಯಾರಿದ್ದಾರೆ ಎಂದು ನೋಡುವ ಪದ್ಧತಿ ಇರಲಿಲ್ಲ. ಒಂದು ಸಂಜೆ ಕಾಕೂ ಗಿರಣಿಯಿಂದ ಹಿಟ್ಟಿನ ಡಬ್ಬಿ ಹೊತ್ತು ನಡುಮೆಟ್ಟಿಲಲ್ಲಿದ್ದಾಗ ಕತ್ತಲಾಯಿತು. ಕಾಕೂಗೆ ಏನೂ ಆಗಲಿಲ್ಲ. ಜೋಳದ ಹಿಟ್ಟು ಮಾತ್ರ ನಮ್ಮ ಹೊಸ್ತಿಲವರೆಗೆ ಬಂತು. ಅವ್ವ ಅದನ್ನು ಗುಡಿಸುವುದಿಲ್ಲ ಎಂದಳು, ಕಾಕೂ ಗುಡಿಸುವುದಿಲ್ಲ ಎಂದಳು. ಇರುವೆಗಳು ಬಂದು ತೀರ್ಮಾನಿಸಿದವು.

ಓಣಿಯ ಹಿರಿಯರು ಕೂತರು. ಅವರ ನ್ಯಾಯ ಹೀಗಿತ್ತು: ದೀಪಕ್ಕೆ ಬೇಕಾದದ್ದು ಎರಡು ವೈರು, ಒಂದು ಅಣ್ಣನ ಮನೆಯಿಂದ ಬರಲಿ, ಒಂದು ತಮ್ಮನ ಮನೆಯಿಂದ ಬರಲಿ. ಇಷ್ಟು ಸುಂದರವಾದ ತೀರ್ಪನ್ನು ಯಾವ ಕೋರ್ಟೂ ಕೊಟ್ಟಿರಲಾರದು. ಕೆಂಪು ವೈರು ಕಾಕಾನದು, ಕರಿ ವೈರು ನಮ್ಮದು ಎಂದಾಯಿತು. ಎಲ್ಲರೂ ಚಹಾ ಕುಡಿದರು. ಅಂದು ರಾತ್ರಿ ಅಪ್ಪ ನಮ್ಮ ಮನೆಯ ದೀಪಗಳನ್ನೆಲ್ಲ ಆರಿಸಿ, ಮೆಟ್ಟಿಲ ದೀಪವೊಂದನ್ನೇ ಹಚ್ಚಿ, ಎರಡು ಮೀಟರುಗಳ ಮುಂದೆ ಬಹಳ ಹೊತ್ತು ನಿಂತಿದ್ದರು. ಕಾಕಾನ ಮೀಟರಿನ ಚಕ್ರ ತಿರುಗುತ್ತಿತ್ತು. ನಮ್ಮದು ಅಲುಗಲಿಲ್ಲ. ಆ ಕಾಲದ ಮೀಟರುಗಳು ಕೆಂಪು ವೈರನ್ನಷ್ಟೇ ಎಣಿಸುತ್ತಿದ್ದವು. ಅಪ್ಪ ಒಳಗೆ ಬಂದು, ಏನೂ ಮಾತಾಡದೆ ಊಟ ಮಾಡಿ ಮಲಗಿದರು. ಮರುದಿನದಿಂದ ಅವರು ಮೆಟ್ಟಿಲ ದೀಪವನ್ನು ಒಮ್ಮೆಯೂ ಆರಿಸಲಿಲ್ಲ. ಬಲ್ಬು ಸುಟ್ಟರೆ ಕಾಕಾ ಕೇಳುವ ಮೊದಲೇ ಹೊಸದು ತಂದು ಹಾಕುತ್ತಿದ್ದರು. ಅಣ್ಣನ ದೊಡ್ಡ ಮನಸ್ಸನ್ನು ಕಾಕಾ ಅಂಗಡಿಯಲ್ಲಿ ಹೊಗಳುತ್ತಿದ್ದರಂತೆ.

ಇದೆಲ್ಲ ಹೊರಬಿದ್ದದ್ದು ಈ ಹಬ್ಬದಲ್ಲಿ. ಸುರಕ್ಷತೆಗಿರಲಿ ಎಂದು ಅಳಿಯ, ಕರೆಂಟು ಸೋರಿದರೆ ತಾನೇ ಬಿದ್ದು ಮನೆಯ ಕರೆಂಟು ಕಡಿಯುವ ಒಂದು ಆರ್‌ಸಿಸಿಬಿಯನ್ನೂ ಹಾಕಿಸಿದ. ಸಂಜೆ ಮೇಲಿನ ಬಾಡಿಗೆಯ ಹುಡುಗರು, ಕೋಚಿಂಗ್‌ಗೆಂದು ಊರಿಗೆ ಬಂದವರು, ಮೆಟ್ಟಿಲ ದೀಪ ಹಚ್ಚಿದರು. ನಮ್ಮ ಮನೆಯಿಡೀ ಕತ್ತಲಾಯಿತು. ಎತ್ತಿ ಹಾಕಿದರೆ ಮತ್ತೆ ಬಿತ್ತು. ಹೋದ ಕರೆಂಟು ಹೋದಷ್ಟೇ ಮರಳಬೇಕು, 30 ಮಿಲಿ ಆಂಪಿಯರ್ ಹೆಚ್ಚುಕಡಿಮೆಯಾದರೆ ಅದು ಸಹಿಸುವುದಿಲ್ಲ. ಆ 40 ವ್ಯಾಟಿನ ಬಲ್ಬೋ ಮೇಲಿನ ಮನೆಯಿಂದ ಸುಮಾರು 170 ಎಳೆದು, ನಮ್ಮ ಮನೆಯ ದಾರಿಯಾಗಿ ಕಳಿಸುತ್ತಿತ್ತು. ವೈರಿಂಗ್ ಹುಡುಗ ರಾತ್ರಿಯವರೆಗೆ ತಡಕಾಡಿ ಆ ಎರಡು ವೈರುಗಳನ್ನು ಪತ್ತೆ ಮಾಡಿದ. ಇನ್ನೂ ಒಂದು ಮಾತು ಹೇಳಿದ: ಈಗಿನ ಎಲೆಕ್ಟ್ರಾನಿಕ್ ಮೀಟರು ಎರಡೂ ವೈರುಗಳನ್ನು ನೋಡುತ್ತದೆ, ಯಾವುದರಲ್ಲಿ ಹೆಚ್ಚು ಹರಿಯಿತೋ ಅದನ್ನೇ ಲೆಕ್ಕಕ್ಕೆ ಹಿಡಿಯುತ್ತದೆ. ಕಳ್ಳರಿಗಾಗಿ ಮಾಡಿದ ಉಪಾಯ. ಹಾಗಾಗಿ ಹೊಸ ಮೀಟರು ಬಂದಾಗಿನಿಂದ ಒಂದೇ ಬಲ್ಬಿಗೆ ಮೇಲಿನವರೂ ಕೊಡುತ್ತಿದ್ದರು, ನಾವೂ ಕೊಡುತ್ತಿದ್ದೆವು. ಹಿರಿಯರ ತೀರ್ಪು ಕೊನೆಗೂ ಜಾರಿಯಾಗಿತ್ತು.

ಅಳಿಯನಿಗೆ ಬಾಯಿ ಕಟ್ಟಿ ಗೊತ್ತಿಲ್ಲ. ಪುಣೆಯಲ್ಲಿರುವ ಕಾಕಾನ ಮಗನಿಗೆ ಅಂದೇ ಫೋನು ಮಾಡಿ ನಗುತ್ತಾ ಎಲ್ಲ ಹೇಳಿದ. ಅವನು ನಗಲಿಲ್ಲ, ಲೆಕ್ಕ ತಪಾಸಣೆ ಮಾಡುವವನು. ಮರುದಿನ ನನಗೆ ಫೋನು ಬಂತು. "ಅಣ್ಣಾ, ತಿಂಗಳಿಗೆ 6 ಯೂನಿಟ್ ಎಂದು ದೊಡ್ಡಪ್ಪನೇ ಗೋಡೆಯ ಮೇಲೆ ಬರೆದಿದ್ದರಲ್ಲ, ಅದರ ಅರ್ಧ ಹಿಡಿದು ಲೆಕ್ಕ ಮಾಡುತ್ತಿದ್ದೇನೆ. ಬಡ್ಡಿ ಬಿಟ್ಟಿದ್ದೇನೆ" ಎಂದ. ಕಳಿಸು ಎಂದೆ. ಬಲ್ಬುಗಳೆಲ್ಲ ಅಪ್ಪನ ಕೈಯಿಂದ ಬಂದವು. ಖಾಲಿ ರಟ್ಟುಗಳು ಅಟ್ಟದ ಮೇಲಿನ ಡಬ್ಬಿಯಲ್ಲಿ ಹಾಗೆಯೇ ಇವೆ. ಪ್ರತಿಯೊಂದರ ಮೇಲೂ ತಂದ ತಾರೀಕು, ಬೆಲೆ. ಒಡೆದು ಹೋದವುಗಳ ಮೇಲೆ ಕೆಂಪು ಶಾಯಿಯಲ್ಲಿ ಇನ್ನೊಂದು ಸಾಲು: "ಒಡೆದವರು ಮೇಲಿನವರು."